‘ಜಾಗ ಇಲ್ಲ’ ಎಂದಾಗ ಸಿಟ್ಟಾದವರಿಗೆ ಒಂದು ಬಹಿರಂಗ ಪತ್ರ

ಕೈಯಲ್ಲೊಂದು ಪ್ರಾಣಿ ಹಿಡಿದು ನಮ್ಮ ಗೇಟಿನ ತನಕ ಬಂದು, “ಈಗ ಜಾಗ ಇಲ್ಲ, ಹೆಸರು ಬರೆಸಿ ಹೋಗಿ, ಖಾಲಿಯಾದ ಕೂಡಲೇ ಕರೆಯುತ್ತೇವೆ” ಎಂಬ ಉತ್ತರ ಕೇಳಿ ಹಿಂದಿರುಗಿದವರಿಗೆ, ಆ ಉತ್ತರ ಬರುತ್ತದೆಂದು ಗೊತ್ತಿದ್ದೇ ಕತ್ತಲಾದ ಮೇಲೆ ಬಂದು ಗೇಟಿಗೆ ಕಟ್ಟಿಹೋದವರಿಗೆ, ಇವೆರಡೂ ಅಲ್ಲದೆ, ದೂರದಿಂದ ನೋಡಿ “ಇವರು ಒಳಗೆ ನಿಜಕ್ಕೂ ಏನು ಮಾಡುತ್ತಾರೆ?” ಎಂದು ಕೇಳುವವರಿಗೆ,

ನಮಸ್ಕಾರ.

ನಮ್ಮದು ಸಣ್ಣ ಆಶ್ರಯತಾಣ. ನಾಯಿ, ಬೆಕ್ಕುಗಳೇ ಹೆಚ್ಚು. ಸಂಬಳಕ್ಕೆ ದುಡಿಯುವವರು ಕೆಲವೇ ಜನ. ಉಳಿದವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಕೈಜೋಡಿಸುವವರು. ಬದುಕಬಲ್ಲ ಪ್ರಾಣಿಯನ್ನು ನಾವು ಕೊಲ್ಲುವುದಿಲ್ಲ. ಜಾಗ ಸಾಲದೆಂದಾಗಲಿ, ಬಂದು ಬಹಳ ದಿನವಾಯಿತೆಂದಾಗಲಿ, ಮುದಿಯಾಯಿತು, ಕುಂಟಾಯಿತು, ಯಾರೂ ಒಯ್ಯಲಿಲ್ಲ ಎಂದಾಗಲಿ ಯಾವ ಜೀವವನ್ನೂ ಇಂಜೆಕ್ಷನ್ ಕೊಟ್ಟು ಮುಗಿಸುವುದಿಲ್ಲ. ನೋ-ಕಿಲ್ ಶೆಲ್ಟರ್ ಎಂದು ಎಲ್ಲೆಡೆ ಕರೆಯುವುದು ಇಂಥ ಜಾಗಗಳನ್ನೇ.

ಈ ನಿಯಮವನ್ನು ನಂಬಿ ಬಂದವರಿಗೆ ‘ಜಾಗ ಇಲ್ಲ’ ಎಂಬ ಮಾತು ಮೋಸದಂತೆ ಕೇಳಿಸುತ್ತದೆ. “ಕೊಲ್ಲುವುದಿಲ್ಲ ಅಂತೀರಿ, ಒಳಗೂ ಸೇರಿಸಿಕೊಳ್ಳುವುದಿಲ್ಲ. ಇದು ನಾಳೆ ರಸ್ತೆಯಲ್ಲಿ ಸತ್ತರೆ ಅದರಲ್ಲಿ ನಿಮ್ಮ ಪಾಲಿಲ್ಲವೇ?” ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಗೇಟಿನ ಬಳಿ ಎರಡು ನಿಮಿಷ ನಿಂತು ಉತ್ತರ ಹೇಳಲು ಆಗುವುದಿಲ್ಲ. ಹಿಂದಿನಿಂದ ಬೊಗಳುವ ಸದ್ದು, ಎದುರಿಗೆ ನಿಮ್ಮ ಕೈಯಲ್ಲಿ ನಡುಗುತ್ತಿರುವ ಪ್ರಾಣಿ. ಹಾಗಾಗಿ ಕುಳಿತು ಬರೆಯುತ್ತಿದ್ದೇವೆ.

ಮೊದಲು ಒಂದು ಲೆಕ್ಕ. ಒಂದು ಶೆಲ್ಟರಿಗೆ ದಿನಕ್ಕೆ ಒಂದು ಪ್ರಾಣಿ ಬರುತ್ತದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದೂ ಸರಾಸರಿ 30 ದಿನ ಇದ್ದು ಹೊಸ ಮನೆಗೆ ಹೋದರೆ, ಯಾವ ದಿನ ಎಣಿಸಿದರೂ ಒಳಗೆ ಸುಮಾರು 30 ಪ್ರಾಣಿಗಳಿರುತ್ತವೆ. ಅದೇ ಪ್ರಾಣಿಗಳು 60 ದಿನ ಉಳಿದರೆ ಒಳಗಿರುವುದು 60. ಬರುವವುಗಳ ಸಂಖ್ಯೆ ಒಂದೂ ಹೆಚ್ಚಾಗಿಲ್ಲ, ಹೋಗುವುದು ತಡವಾಯಿತು, ಅಷ್ಟೇ. ಒಂದು ಪ್ರಾಣಿಗೆ ಆಹಾರ ಕೊಟ್ಟು, ಅದರ ಜಾಗ ಸ್ವಚ್ಛ ಮಾಡುವುದಕ್ಕೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕು ಎಂಬುದು ಶೆಲ್ಟರ್ ವೈದ್ಯರು ಒಪ್ಪಿಕೊಂಡು ಬಂದಿರುವ ಅಂದಾಜು: ಸ್ವಚ್ಛತೆಗೆ 9, ಆಹಾರಕ್ಕೆ 6. 30 ಪ್ರಾಣಿಗಳಾದರೆ ಏಳೂವರೆ ಗಂಟೆ, ಒಬ್ಬರ ಇಡೀ ದಿನದ ದುಡಿಮೆ. 60 ಆದರೆ 15 ಗಂಟೆ. ಇದರಲ್ಲಿ ಔಷಧಿ ಹಾಕುವುದು ಸೇರಿಲ್ಲ, ಗಾಯಕ್ಕೆ ಪಟ್ಟಿ ಕಟ್ಟುವುದು ಸೇರಿಲ್ಲ, ನಾಯಿಯನ್ನು ಹೊರಗೆ ಅಡ್ಡಾಡಿಸುವುದು ಸೇರಿಲ್ಲ, ಹೆದರಿ ಮೂಲೆ ಸೇರಿದ ಬೆಕ್ಕಿನ ಪಕ್ಕ ಸುಮ್ಮನೆ ಕೂರುವುದಂತೂ ಸೇರಿಲ್ಲ.

ಕೆನಲ್‌ಗಳ, ಅಂದರೆ ನಾಯಿ ಇರಿಸುವ ಕೋಣೆಗಳ, ಸಂಖ್ಯೆ ಎಷ್ಟೆಂಬುದು ಇಲ್ಲಿ ಎರಡನೆಯ ಮಾತು. ಒಂದೇ ಕೋಣೆಯಲ್ಲಿ ಎರಡರ ಬದಲು ನಾಲ್ಕು ನಾಯಿ ಕಟ್ಟಿದರೆ ‘ಜಾಗ’ ಸಿಕ್ಕೇ ಸಿಗುತ್ತದೆ. ಸಿಗದಿರುವುದು ಅವುಗಳನ್ನು ನೋಡಿಕೊಳ್ಳುವ ಕೈ. ನಾಲ್ಕರಲ್ಲಿ ಯಾವುದು ತಿನ್ನಲಿಲ್ಲ, ಯಾವುದರ ಮಲ ನೀರಾಗಿದೆ, ಯಾವುದು ಬೆಳಿಗ್ಗೆಯಿಂದ ಎದ್ದಿಲ್ಲ ಎಂದು ಗಮನಿಸುವ ಕಣ್ಣು.

ಆ ಕಣ್ಣು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಪಾರ್ವೋ ಒಂದನ್ನೇ ಹೇಳಿದರೆ ಸಾಕು. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಜಗತ್ತನ್ನೆಲ್ಲ ಸುತ್ತಿದ ವೈರಸ್ ಇದು. ನಾಯಿಮರಿಗಳ ಕರುಳನ್ನು ಹಿಡಿಯುತ್ತದೆ. ಸೋಂಕು ತಗಲಿದ ಮರಿ ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರದವರೆಗೂ, ನೋಡಲು ಚೆನ್ನಾಗಿಯೇ ಇರುತ್ತದೆ. ಆಡುತ್ತದೆ, ಬಾಲ ಅಲ್ಲಾಡಿಸುತ್ತದೆ. ವಾಂತಿ, ರಕ್ತಭೇದಿ ಶುರುವಾಗುವ ಮುಂಚೆಯೇ ಅದರ ಮಲದಲ್ಲಿ ವೈರಸ್ ಹೊರಬೀಳುತ್ತಿರುತ್ತದೆ. ನೆಲದಲ್ಲಿ, ಬಟ್ಟಲಿನಲ್ಲಿ, ನಮ್ಮ ಚಪ್ಪಲಿಯ ಅಡಿಯಲ್ಲಿ ಅದು ತಿಂಗಳುಗಟ್ಟಲೆ ಬದುಕಿರಬಲ್ಲದು. ಮಾಮೂಲಿ ಫಿನೈಲ್, ಸೋಪಿಗೆ ಜಗ್ಗುವುದಿಲ್ಲ. ಮೊದಲು ಮಲವನ್ನು ಪೂರ್ತಿ ತೆಗೆದು ತೊಳೆದು, ಆಮೇಲೆ ಸರಿಯಾದ ಅಳತೆಯಲ್ಲಿ ಬ್ಲೀಚ್ ಹಾಕಿ, ಹತ್ತು ನಿಮಿಷವಾದರೂ ಒದ್ದೆಯಾಗಿಯೇ ಬಿಡಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿದುಹೋಗುತ್ತದೆ. ಡ್ರಿಪ್ ಹಾಕಿ ಹಗಲು ರಾತ್ರಿ ನೋಡಿಕೊಂಡರೆ ಬಹುಪಾಲು ಮರಿಗಳು ಉಳಿಯುತ್ತವೆ, ನೋಡಿಕೊಳ್ಳದಿದ್ದರೆ ಬಹುಪಾಲು ಸಾಯುತ್ತವೆ. ಲಸಿಕೆ ಇದೆ, ಆದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಆ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಆ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಹೇಳಲಾಗದ ಕಾರಣ, ಶೆಲ್ಟರ್‌ಗಳಲ್ಲಿ ಮರಿಗೆ ಐದು ತಿಂಗಳು ತುಂಬುವ ತನಕ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಚುಚ್ಚಬೇಕು.

ಈಗ ರಾತ್ರಿ ಹೊತ್ತು ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು ಗೇಟಿನ ಅಡಿಯಿಂದ ಒಳಗೆ ತಳ್ಳಿ ಹೋದವರಿಗೆ ನಮ್ಮ ಮಾತು ಅರ್ಥವಾಗಬಹುದು. ಅವು ಎಲ್ಲಿಂದ ಬಂದವು, ತಾಯಿಗೆ ಲಸಿಕೆ ಆಗಿತ್ತೇ, ಒಡಹುಟ್ಟಿದವು ಸತ್ತಿವೆಯೇ, ಯಾವುದೂ ಗೊತ್ತಿಲ್ಲ. ಪ್ರತ್ಯೇಕ ಇಡುವ ಕೋಣೆ ತುಂಬಿರುವ ದಿನ ಅಂಥ ಒಂದು ಪೆಟ್ಟಿಗೆ ಬಂದರೆ, ಒಳಗೆ ಆಗಲೇ ಇರುವ, ಇನ್ನೂ ಲಸಿಕೆ ಪೂರ್ತಿಯಾಗದ ಮರಿಗಳೆಲ್ಲ ಅಪಾಯಕ್ಕೆ ಸಿಕ್ಕವು ಎಂದೇ ಅರ್ಥ. ನಾವು ಯಾರನ್ನೂ ಕೊಲ್ಲಲಿಲ್ಲ ಎಂದು ಆಗ ಹೇಳಿಕೊಳ್ಳಬಹುದು. ಸತ್ತ ಮರಿಗೆ ಅದರಿಂದ ಏನು ಬಂತು?

ರೋಗವಿಲ್ಲದಿದ್ದರೂ ಕಿಕ್ಕಿರಿದ ಶೆಲ್ಟರ್ ಪ್ರಾಣಿಯನ್ನು ಒಳಗಿನಿಂದ ತಿನ್ನುತ್ತದೆ. ತುಂಬಿದ ಕೆನಲ್‌ಗಳಲ್ಲಿ ಬೊಗಳುವ ಸದ್ದು 100 ಡೆಸಿಬೆಲ್ ದಾಟುವುದುಂಟು. ಅಷ್ಟು ಸದ್ದಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಿವಿಗೆ ರಕ್ಷಣೆ ಕೊಡುತ್ತಾರೆ. ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಮನೆಯಲ್ಲಿ ಬೆಳೆದ ನಾಯಿ ಅಲ್ಲಿ ಕೆಲವು ವಾರ ಕಳೆದರೆ ಇದ್ದಲ್ಲೇ ಗಿರಗಿರ ಸುತ್ತಲು ಶುರು ಮಾಡುತ್ತದೆ, ಗೋಡೆಗೆ ನೆಗೆಯುತ್ತದೆ, ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ದತ್ತು ಕೇಳಲು ಬಂದವರು “ಇದು ಹುಚ್ಚುಹುಚ್ಚಾಗಿ ಆಡುತ್ತದೆ” ಎಂದು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಅದು ಇನ್ನಷ್ಟು ದಿನ ಉಳಿಯುತ್ತದೆ, ಇನ್ನಷ್ಟು ಕೆಡುತ್ತದೆ. ಬೆಕ್ಕುಗಳದ್ದು ಬೇರೆ ದಾರಿ. ಅವು ಗಲಾಟೆ ಮಾಡುವುದಿಲ್ಲ, ತಿನ್ನುವುದನ್ನು ನಿಲ್ಲಿಸುತ್ತವೆ. ಮೈಯಲ್ಲಿ ಕೊಬ್ಬಿರುವ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಆ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಜೀವಕ್ಕೇ ಕುತ್ತು ತರುವ ಕಾಯಿಲೆಯಾಗುತ್ತದೆ. ಎಳವೆಯಲ್ಲಿ ತಗಲಿ ಮೈಯಲ್ಲೇ ಅಡಗಿದ್ದ ಹರ್ಪಿಸ್ ವೈರಸ್ ಆತಂಕಕ್ಕೆ ಮತ್ತೆ ಎದ್ದು ಕಣ್ಣು, ಮೂಗು ಸೋರತೊಡಗುತ್ತವೆ. ಬಚ್ಚಿಟ್ಟುಕೊಳ್ಳಲು ಒಂದು ಪೆಟ್ಟಿಗೆ ಕೊಟ್ಟರೆ ಬೆಕ್ಕಿನ ಆತಂಕ ಎಷ್ಟೋ ಬೇಗ ಇಳಿಯುತ್ತದೆ. ಆದರೆ ಎರಡು ಬೆಕ್ಕಿನ ಜಾಗದಲ್ಲಿ ಐದನ್ನು ಇಟ್ಟಾಗ ಆ ಪೆಟ್ಟಿಗೆಗೂ ಎಡೆಯಿರುವುದಿಲ್ಲ.

ಇನ್ನೂ ಮುಂದೆ ಹೋದರೆ ಏನಾಗುತ್ತದೆ ಎಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ‘ಇದೊಂದನ್ನು ಹೇಗೆ ಬಿಡಲಿ’ ಎಂದು ಒಂದೊಂದೇ ಸೇರಿಸಿಕೊಳ್ಳುತ್ತಾ ಹೋಗಿ, ಕೊನೆಗೆ ನೂರಾರು ಪ್ರಾಣಿಗಳು ಗಲೀಜಿನಲ್ಲಿ, ಹಸಿವಿನಲ್ಲಿ, ಚಿಕಿತ್ಸೆಯಿಲ್ಲದೆ ಬಿದ್ದಿರುವ ಜಾಗಗಳು ಎಲ್ಲ ದೇಶಗಳಲ್ಲೂ ಆಗಾಗ ಬೆಳಕಿಗೆ ಬರುತ್ತವೆ. ಅವುಗಳಲ್ಲಿ ಕೆಲವು ಆಶ್ರಯತಾಣವೆಂದೇ ಬೋರ್ಡು ಹಾಕಿಕೊಂಡವು. ಅಲ್ಲಿಯ ಜನ ಕ್ರೂರಿಗಳಾಗಿರಲಿಲ್ಲ, ಇಲ್ಲ ಎನ್ನಲು ಬಾರದವರಾಗಿದ್ದರು.

ಇಟಲಿಯ ಉದಾಹರಣೆ ನಮಗೆ ಬಹಳ ಮುಖ್ಯ. 1991ರಲ್ಲಿ ಆ ದೇಶ 281ನೇ ಸಂಖ್ಯೆಯ ಕಾನೂನು ತಂದು, ಬೀದಿಯಲ್ಲಿ ಹಿಡಿದ ನಾಯಿಗಳನ್ನು ಕೊಲ್ಲುವುದನ್ನು ನಿಲ್ಲಿಸಿತು. ತೀವ್ರ ಅಥವಾ ಗುಣವಾಗದ ಕಾಯಿಲೆಯಿದ್ದರೆ, ಅಪಾಯಕಾರಿ ಎಂದು ಸಾಬೀತಾದರೆ ಮಾತ್ರ ವಿನಾಯಿತಿ. ಒಂದು ದೇಶ ತನ್ನ ನಾಯಿಗಳಿಗೆ ಕಾನೂನಿನಲ್ಲೇ ಜೀವದ ಭರವಸೆ ಕೊಟ್ಟಿತಲ್ಲ, ಅದನ್ನು ನೆನೆದರೆ ಈಗಲೂ ನಮಗೆ ಹೆಮ್ಮೆಯಾಗುತ್ತದೆ. ಆದರೆ ಸಂತಾನಹರಣ ಚಿಕಿತ್ಸೆ, ನೋಂದಣಿ, ದತ್ತು ಇವೆಲ್ಲ ಸರಿಯಾಗಿ ನಡೆಯದ ಕಡೆಗಳಲ್ಲಿ, ಅದರಲ್ಲೂ ದಕ್ಷಿಣದ ಭಾಗಗಳಲ್ಲಿ, ನಾಯಿಗಳು ದೊಡ್ಡ ದೊಡ್ಡ ಕೆನಲ್‌ಗಳಲ್ಲಿ ತುಂಬಿಕೊಂಡವು. ಎಷ್ಟೋ ನಾಯಿಗಳು ಮರಿಯಾಗಿ ಒಳಹೋಗಿ ಅಲ್ಲೇ ಮುದಿಯಾಗಿ ಸತ್ತವು. ಕೊಲ್ಲಬಾರದೆಂಬ ನಿಯಮವನ್ನು ಒಂದೇ ದಿನದಲ್ಲಿ ಬರೆಯಬಹುದು. ಬದುಕಿಸುವ ಏರ್ಪಾಡು ಅದರ ಜೊತೆಗೇ ಬೆಳೆಯದಿದ್ದರೆ ಪ್ರಾಣಿಗೆ ಸಿಗುವುದು ಜೀವಾವಧಿ ಜೈಲು.

ಹಾಗೆಂದು ಇದು ಆಗದ ಕೆಲಸವಲ್ಲ. 1970ರ ದಶಕದಲ್ಲಿ ಅಮೆರಿಕದ ಶೆಲ್ಟರ್‌ಗಳಲ್ಲಿ ವರ್ಷಕ್ಕೆ 1 ಕೋಟಿಗೂ ಹೆಚ್ಚು ನಾಯಿ, ಬೆಕ್ಕುಗಳನ್ನು ಕೊಲ್ಲುತ್ತಿದ್ದರೆಂಬ ಅಂದಾಜಿದೆ. ಈಗ ಆ ಸಂಖ್ಯೆ 10 ಲಕ್ಷಕ್ಕಿಂತ ಕೆಳಗೆ ಇಳಿದಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲರ ಕೈಗೆಟುಕಿದ್ದು ಇದಕ್ಕೆ ದೊಡ್ಡ ಕಾರಣ. ಇನ್ನೊಂದು, ಕೆಲವರು ಹಟ ಹಿಡಿದು ಕೂತದ್ದು. ರಿಚರ್ಡ್ ಅವಾಂಜಿನೊ ಅವರ ನೇತೃತ್ವದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ದುಡಿಯುವ ಎಸ್‌ಪಿಸಿಎ ಸಂಸ್ಥೆ 1994ರಲ್ಲಿ ಅಲ್ಲಿಯ ನಗರಾಡಳಿತದ ಶೆಲ್ಟರ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ದತ್ತು ಕೊಡಬಹುದಾದ ನಾಯಿ, ಬೆಕ್ಕಿಗೆ ನಗರದ ಶೆಲ್ಟರಿನಲ್ಲಿ ಮನೆ ಸಿಗದಿದ್ದರೆ ಅದನ್ನು ತಾನು ತೆಗೆದುಕೊಳ್ಳುವುದಾಗಿ ಆ ಸಂಸ್ಥೆ ಮಾತು ಕೊಟ್ಟಿತು. ನಮಗೆ ಇದರಲ್ಲಿ ಎದ್ದು ಕಾಣುವುದು, ಎಲ್ಲವನ್ನೂ ಸೇರಿಸಿಕೊಳ್ಳಬೇಕಾದ ಒಂದು ಜಾಗ ಮತ್ತು ಆಯ್ದು ಸೇರಿಸಿಕೊಳ್ಳುವ ಇನ್ನೊಂದು ಜಾಗ ಪರಸ್ಪರ ಬೆರಳು ತೋರಿಸುವುದನ್ನು ಬಿಟ್ಟು ಒಂದೇ ಲೆಕ್ಕದ ಪುಸ್ತಕದ ಎದುರು ಕೂತವು ಎಂಬುದು.

ಈ ಮಾತನ್ನು ಇನ್ನೂ ಸ್ವಲ್ಪ ಬೆಳೆಸಬೇಕು. ನೋ-ಕಿಲ್ ಎಂದು ನಮ್ಮನ್ನು ಹೊಗಳುವ ಎಷ್ಟೋ ಜನ ಅದೇ ಉಸಿರಿನಲ್ಲಿ ಸರ್ಕಾರಿ ಶೆಲ್ಟರ್‌ಗಳ ಕೆಲಸಗಾರರನ್ನು ಕೊಲೆಗಡುಕರು ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ಬಾಗಿಲು ಹಾಕುವ ಅಧಿಕಾರವೇ ಅವರಿಗಿಲ್ಲ. ನಾವು ‘ಜಾಗ ಇಲ್ಲ’ ಎಂದ ಪ್ರಾಣಿ ಕೊನೆಗೆ ಹೋಗುವುದು ಬಹಳ ಸಲ ಅವರ ಬಳಿಗೇ. ನಮ್ಮ ಕೈ ಶುದ್ಧವಾಗಿ ಕಾಣುವುದಕ್ಕೆ ಅವರು ತಮ್ಮ ಕೈ ಒಡ್ಡಿದ್ದೂ ಒಂದು ಕಾರಣ ಎಂಬುದನ್ನು ನಾವು ಮರೆತಿಲ್ಲ. ಬೆಳಿಗ್ಗೆ ಹಾಲು ಕುಡಿಸಿದ ಮರಿಗೆ ಮಧ್ಯಾಹ್ನ ಇಂಜೆಕ್ಷನ್ ಕೊಡಬೇಕಾದವರ ನೋವು ಎಂಥದ್ದೆಂದು ಅವರನ್ನೇ ಕೇಳಿದರೆ ತಿಳಿಯುತ್ತದೆ. ಅಮೆರಿಕದಲ್ಲಿ ಈ ಎರಡು ಬಗೆಯ ಶೆಲ್ಟರ್‌ಗಳ ನಡುವೆ ವರ್ಷಗಟ್ಟಲೆ ಕಿತ್ತಾಟ ನಡೆದ ಮೇಲೆ, 2004ರಲ್ಲಿ ಎರಡೂ ಕಡೆಯವರು ಕ್ಯಾಲಿಫೋರ್ನಿಯಾದ ಅಸಿಲೊಮಾರ್ ಎಂಬಲ್ಲಿ ಸೇರಿ, ಯಾವ ಪ್ರಾಣಿಯನ್ನು ಆರೋಗ್ಯವಂತ ಎನ್ನಬೇಕು, ಯಾವುದನ್ನು ಚಿಕಿತ್ಸೆಯಿಂದ ಉಳಿಸಬಹುದು, ಯಾವುದನ್ನು ಉಳಿಸಲಾಗದು ಎಂಬುದಕ್ಕೆ ಒಂದೇ ಬಗೆಯ ಲೆಕ್ಕ ಇಡಲು ಒಪ್ಪಿಕೊಂಡರು. ಆ ಒಪ್ಪಂದದ ಮೇಲೆ ಟೀಕೆಗಳೂ ಬಂದವು. ಆದರೂ ಬೈಗುಳ ಬಿಟ್ಟು ಲೆಕ್ಕಕ್ಕೆ ಬಂದದ್ದು ದೊಡ್ಡ ಹೆಜ್ಜೆ ಎಂದೇ ನಾವು ನಂಬಿದ್ದೇವೆ.

ಲೆಕ್ಕದ ಮಾತು ಬಂದಾಗ ಶೇಕಡಾ 90 ಎಂಬ ಅಂಕಿ ಕಿವಿಗೆ ಬೀಳುತ್ತದೆ. ಒಳಬಂದ 100 ಪ್ರಾಣಿಗಳಲ್ಲಿ 90 ಜೀವಂತ ಹೊರಹೋದರೆ ಅದು ನೋ-ಕಿಲ್ ಎಂಬ ಅಳತೆಗೋಲು ಅಮೆರಿಕದಲ್ಲಿ ಬಳಕೆಯಲ್ಲಿದೆ. ಉಳಿದವು, ಯಾವ ಚಿಕಿತ್ಸೆಯಿಂದಲೂ ನೋವು ಕಡಿಮೆ ಮಾಡಲಾಗದ ಸ್ಥಿತಿಯಲ್ಲಿ ಬರುವವು ಎಂಬುದು ಅದರ ಹಿಂದಿನ ಅಂದಾಜು. ಹೌದು, ನಮ್ಮಲ್ಲೂ ದಯಾಮರಣ ಇದೆ. ಬೆನ್ನುಮೂಳೆ ನುಚ್ಚಾಗಿ ಮೈಯೆಲ್ಲ ಹುಳು ಬಿದ್ದ ನಾಯಿಯನ್ನು, ಮೂತ್ರಪಿಂಡ ಕೈಕೊಟ್ಟು ತಿಂದದ್ದನ್ನೆಲ್ಲ ಕಕ್ಕುತ್ತಾ ಒದ್ದಾಡುವ ಬೆಕ್ಕನ್ನು ಕೇವಲ ನಮ್ಮ ಹೆಸರು ಕೆಡಬಾರದೆಂದು ನರಳಿಸುತ್ತಾ ಇಡುವುದು ದಯೆಯಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ನಾಯಿಗೆ ಬೇರೆ ದಾರಿಯೇ ಇಲ್ಲ. ಇಂಥ ತೀರ್ಮಾನವನ್ನು ಪಶುವೈದ್ಯರ ಜೊತೆ ಕೂತು ಮಾಡುತ್ತೇವೆ, ಕಾರಣ ಬರೆದಿಡುತ್ತೇವೆ, ಆ ಪ್ರಾಣಿಯನ್ನು ಸಾಕಿದವರು ಪಕ್ಕದಲ್ಲಿರುತ್ತಾರೆ. ಗುಣವಾಗದ ನೋವೊಂದೇ ಇದಕ್ಕೆ ಕಾರಣವಾಗಬಹುದು. ನಮ್ಮ ಅನುಕೂಲ ಎಂದಿಗೂ ಅಲ್ಲ.

ಆದರೆ ಅಂಕಿ ಒಂದನ್ನೇ ನೋಡಿ ಯಾವ ಶೆಲ್ಟರನ್ನೂ ಹೊಗಳಬೇಡಿ, ನಮ್ಮನ್ನೂ. ಕಾಯಿಲೆಯ ಪ್ರಾಣಿಗಳನ್ನೆಲ್ಲ ಗೇಟಿನಲ್ಲೇ ತಡೆದು, ಚೆಂದದ ಮರಿಗಳನ್ನಷ್ಟೇ ಸೇರಿಸಿಕೊಂಡರೆ ಯಾರಿಗಾದರೂ ನೂರಕ್ಕೆ ನೂರು ಬರುತ್ತದೆ. ಹಾಗಾಗಿಯೇ ನಿಮ್ಮ ಆ ಪ್ರಶ್ನೆ, ‘ಹೊರಗೆ ಸತ್ತರೆ ಅದರಲ್ಲಿ ನಿಮ್ಮ ಪಾಲಿಲ್ಲವೇ’ ಎಂಬುದು ನ್ಯಾಯವಾದದ್ದು ಎಂದೆವು. ಪಾಲಿದೆ. ಅದನ್ನು ಒಪ್ಪಿಕೊಂಡೇ ನಾವು ಹಿಂದಕ್ಕೆ ಕಳಿಸಿದ ಪ್ರತಿಯೊಂದು ಪ್ರಾಣಿಯ ಹೆಸರನ್ನೂ ಬೇರೆ ಪುಸ್ತಕದಲ್ಲಿ ಬರೆದಿಡುತ್ತೇವೆ, ನಿಮಗೆ ಫೋನ್ ಮಾಡುತ್ತೇವೆ. ಕೆಲವರು ಫೋನ್ ಎತ್ತುವುದಿಲ್ಲ. ಎತ್ತಿ, ಎರಡು ಮಾತು ಹೇಳಿ. ಬೈದರೂ ಸರಿ.

ಗೇಟಿನ ಹೊರಗೆ ಇರುವಾಗಲೇ ಪರಿಹಾರವಾಗುವ ತೊಂದರೆಗಳು ಎಷ್ಟೊಂದಿವೆ ಎಂದು ಆ ಪುಸ್ತಕ ತೋರಿಸುತ್ತದೆ. “ಎಲ್ಲೆಂದರಲ್ಲಿ ಮೂತ್ರ ಮಾಡುತ್ತದೆ, ಇಟ್ಟುಕೊಳ್ಳಲಾಗದು” ಎಂದು ತಂದ ಗಂಡುಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದು ಬೆಕ್ಕಿನ ಸೊಕ್ಕಲ್ಲ, ತಕ್ಷಣ ವೈದ್ಯರಿಗೆ ತೋರಿಸಬೇಕಾದ ತುರ್ತು ಸ್ಥಿತಿ. ಮಗು ಹುಟ್ಟಿದ ಮೇಲೆ ನಾಯಿ ಗುರ್ ಎನ್ನುತ್ತದೆ ಎಂದವರಿಗೆ ತರಬೇತುದಾರರ ಜೊತೆ ಒಂದೆರಡು ಸಲ ಕೂರಿಸಿದರೆ ಸಾಕಾಗುವುದುಂಟು. ಮನೆ ಬದಲಾಯಿಸುವವರಿಗೆ, ಆಸ್ಪತ್ರೆ ಸೇರಬೇಕಾದವರಿಗೆ ಬೇಕಿರುವುದು ಕೆಲವು ವಾರಗಳ ಆಸರೆ ಮಾತ್ರ. ಸಾಕಿದ ಪ್ರಾಣಿಯನ್ನು ಬಿಟ್ಟುಬಿಡಲು ಬರುವವರೆಲ್ಲ ಕಲ್ಲೆದೆಯವರು ಎಂದು ನಾವು ಯಾವತ್ತೂ ತಿಳಿದಿಲ್ಲ. ಹೆಚ್ಚಿನವರು ಬೇರೆ ದಾರಿ ಕಾಣದೆ ಅಳುತ್ತಾ ಬಂದವರು. ಬಿಡುವುದಕ್ಕೆ ಮೊದಲು ಒಂದು ಸಲ ನಮ್ಮೊಡನೆ ಮಾತಾಡಿ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಿಡಲೇಬೇಕಾದರೆ ಹಗಲು ಹೊತ್ತು, ದಿನ ಗೊತ್ತುಮಾಡಿಕೊಂಡು ಬನ್ನಿ, ನಿಜ ಹೇಳಿ. ಕಚ್ಚಿದ್ದರೆ ಕಚ್ಚಿದೆ ಎನ್ನಿ. ಯಾರನ್ನು, ಯಾವಾಗ, ಆಗ ಏನು ನಡೆದಿತ್ತು ಎಂದು ಬಿಡಿಸಿ ಹೇಳಿ. ಮುಚ್ಚಿಟ್ಟರೆ ಅದನ್ನು ಮೊದಲು ಕಂಡುಕೊಳ್ಳುವುದು ನಮ್ಮ ಹುಡುಗರ ಕೈ, ಇಲ್ಲವೇ ದತ್ತು ಪಡೆದ ಮನೆಯ ಮಗು. ನಿಜ ಗೊತ್ತಿದ್ದರೆ ತಿನ್ನುವಾಗ ಮುಟ್ಟಿದರೆ ಮಾತ್ರ ಗುರ್ ಎನ್ನುವ ನಾಯಿಗೆ ಮಕ್ಕಳಿಲ್ಲದ ಮನೆ ಹುಡುಕಬಹುದು. ಲಸಿಕೆಯ ಚೀಟಿ, ಅದು ಮಲಗುತ್ತಿದ್ದ ಬಟ್ಟೆ, ಅದು ಓಗೊಡುವ ಹೆಸರು, ಸಿಡಿಲಿಗೆ ಹೆದರುತ್ತದೆಯೇ, ಇನ್ನೊಂದು ಬೆಕ್ಕನ್ನು ಸಹಿಸುತ್ತದೆಯೇ, ಇವೆಲ್ಲ ಅದು ಇಲ್ಲಿ ಕಳೆಯಬೇಕಾದ ದಿನಗಳನ್ನು ಕಡಿಮೆ ಮಾಡುವ ಸಂಗತಿಗಳು. ಕತ್ತಲಲ್ಲಿ ಕಟ್ಟಿಹೋದ ನಾಯಿಗೆ ಇದ್ಯಾವುದೂ ಇರುವುದಿಲ್ಲ. ಎಷ್ಟೋ ಬಾರಿ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿರುತ್ತದೆ.

ಬೀದಿಯಲ್ಲಿ ಕಂಡವುಗಳ ವಿಷಯಕ್ಕೆ ಬಂದರೆ ಎರಡು ಕೋರಿಕೆ. ಮೂಲೆಯಲ್ಲಿ ಕಣ್ಣು ಬಿಡದ ಬೆಕ್ಕಿನ ಮರಿಗಳು ಕಂಡ ಕೂಡಲೇ ಎತ್ತಿಕೊಂಡು ಓಡಿ ಬರಬೇಡಿ. ತಾಯಿ ಆಹಾರ ಹುಡುಕಿ ಹೋಗಿರಬಹುದು. ನೀವು ಹತ್ತಿರ ನಿಂತಷ್ಟು ಹೊತ್ತು ಅದು ಬರುವುದೂ ಇಲ್ಲ. ಮರಿಗಳು ಬೆಚ್ಚಗಿದ್ದು ಸುಮ್ಮನೆ ಮಲಗಿದ್ದರೆ ದೂರ ಸರಿದು ಕೆಲವು ಗಂಟೆ ಕಾಯಿರಿ. ತಾಯಿಯ ಜಾಗವನ್ನು ನಾವು ತುಂಬುವುದು ಸುಲಭವಲ್ಲ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಹಾಲು ಕುಡಿಸಬೇಕು. ಮಾಮೂಲಿ ಹಾಲಲ್ಲ, ಮರಿಗಳಿಗೆಂದೇ ತಯಾರಿಸಿದ್ದು. ಅವು ತಾವಾಗಿ ಮೂತ್ರ, ಮಲ ಮಾಡಲಾರವು. ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ಮಾಡಿಸಬೇಕು. ಮೈ ತಣ್ಣಗಾದ ಮರಿಗೆ ಹಾಲು ಕೊಟ್ಟರೆ ಜೀರ್ಣವಾಗದೆ ಜೀವಕ್ಕೇ ಅಪಾಯ, ಮೊದಲು ಮೈ ಕಾಯಿಸಬೇಕು. ಹಾಗೆಯೇ ಎಲುಬು ಹಂದರವಾದ ನಾಯಿಯನ್ನು ಕಂಡಾಗ ಬಟ್ಟಲು ತುಂಬ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫರಸ್, ಪೊಟ್ಯಾಶಿಯಂ ಕುಸಿದು ಹೃದಯವೇ ನಿಲ್ಲಬಹುದು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ, ವೈದ್ಯರನ್ನು ಕೇಳಿ ಕೊಡಿ.

ಇನ್ನು ಸಂತಾನಹರಣ. ಇದರ ಬಗ್ಗೆ ಹೊಸದಾಗಿ ಹೇಳುವುದು ಏನೂ ಇಲ್ಲ, ಆದರೂ ಹೇಳದೆ ವಿಧಿಯಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಹಾಲು ಬಿಡುವ ಮುಂಚೆಯೇ ಮತ್ತೆ ಗಬ್ಬವಾಗಬಲ್ಲದು. ಆರೋಗ್ಯವಾಗಿರುವ ಮರಿಗೆ ಎರಡು ತಿಂಗಳು ತುಂಬಿ ಒಂದು ಕಿಲೋ ತೂಗಿದರೆ ಅನುಭವಿ ವೈದ್ಯರು ಆಪರೇಷನ್ ಮಾಡುತ್ತಾರೆ. ‘ಒಂದು ಸಲವಾದರೂ ತಾಯಿಯಾಗಲಿ’ ಎಂಬುದು ಮನುಷ್ಯರ ಆಸೆ. ಪ್ರಾಣಿಯ ಆರೋಗ್ಯಕ್ಕೆ ಅದರಿಂದ ಯಾವ ಲಾಭವೂ ಇಲ್ಲ. ಹುಟ್ಟದ ಮರಿಗೆ ನಾವು ಜಾಗ ಹುಡುಕಬೇಕಾಗಿಲ್ಲ. ಅಧಿಕಾರದಲ್ಲಿರುವವರು ಈ ಪತ್ರ ಓದುತ್ತಿದ್ದರೆ ಅವರಿಗೂ ಇದೇ ಮಾತು: ಹೊಸ ಶೆಲ್ಟರ್ ಕಟ್ಟಡಕ್ಕೆ ಕಲ್ಲು ಹಾಕುವ ಮೊದಲು, ಆಪರೇಷನ್ ಟೇಬಲ್‌ಗೆ, ಅದನ್ನು ನಡೆಸುವ ವೈದ್ಯರ ಸಂಬಳಕ್ಕೆ ಹಣ ಕೊಡಿ.

ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಿರುವುದು ತಾತ್ಕಾಲಿಕವಾಗಿ ಸಾಕಿಕೊಡುವ ಮನೆಗಳು, ನಾವು ಫಾಸ್ಟರ್ ಮನೆ ಎನ್ನುವುದು. ಹಣ ಬೇಡವೆಂದಲ್ಲ. ಹಣದಿಂದ ಔಷಧಿ ಬರುತ್ತದೆ, ಮನೆ ಬರುವುದಿಲ್ಲ. ನಾಯಿಮರಿ ಜಗತ್ತನ್ನು ನಂಬಲು ಕಲಿಯುವುದು ಮೂರನೇ ವಾರದಿಂದ ಹೆಚ್ಚೆಂದರೆ ಹದಿನಾಲ್ಕನೇ ವಾರದ ಒಳಗೆ. ಬೆಕ್ಕಿನ ಮರಿಗೆ ಎರಡನೇ ವಾರದಿಂದ ಏಳನೇ ವಾರದ ತನಕ. ಆ ವಾರಗಳನ್ನು ಕ್ವಾರಂಟೈನ್ ಕೋಣೆಯಲ್ಲಿ ಕಳೆದ ಮರಿ, ರೋಗದಿಂದ ಉಳಿದರೂ, ಜನರಿಗೆ ಹೆದರುವ ಪ್ರಾಣಿಯಾಗಿ ಬೆಳೆಯುತ್ತದೆ. ಅದೇ ಮರಿ ಒಂದು ಸಾಮಾನ್ಯ ಮನೆಯ ಮಿಕ್ಸಿ ಸದ್ದು, ಕರೆಗಂಟೆ, ಮಕ್ಕಳ ಓಡಾಟದ ನಡುವೆ ಬೆಳೆದರೆ ಯಾರ ಮನೆಗಾದರೂ ಹೊಂದಿಕೊಳ್ಳುತ್ತದೆ. ದೊಡ್ಡ ನಾಯಿಗಳಿಗೂ ಅಷ್ಟೇ. ಕೆನಲ್‌ನಲ್ಲಿ ಬಾಗಿಲಿಗೆ ಹಾರಿ ಹಾರಿ ಬೊಗಳುತ್ತಿದ್ದ ನಾಯಿ ಮನೆಯೊಂದರಲ್ಲಿ ಮೂರು ದಿನ ಬರೀ ನಿದ್ದೆ ಮಾಡುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ನಿದ್ದೆ ತೀರಿದ ಮೇಲೆ ಅದರ ನಿಜವಾದ ಸ್ವಭಾವ ಕಾಣುತ್ತದೆ. ಆ ಸ್ವಭಾವವನ್ನು ಬರೆದು, ಸೋಫಾ ಪಕ್ಕ ಮಲಗಿದ ಒಂದು ಫೋಟೊ ಕಳಿಸಿದರೆ ದತ್ತು ಕೇಳುವವರು ಹೆಚ್ಚುತ್ತಾರೆ. ಆಹಾರ, ಔಷಧಿ, ವೈದ್ಯರ ಖರ್ಚು ನಮ್ಮದು. ನಿಮ್ಮಿಂದ ಕೇಳುವುದು ಒಂದು ಕೋಣೆ, ಒಂದಷ್ಟು ವಾರ, ಬಿಟ್ಟುಕೊಡುವಾಗ ಸ್ವಲ್ಪ ಸಂಕಟ ತಡೆದುಕೊಳ್ಳುವ ಶಕ್ತಿ. “ಬಿಟ್ಟುಕೊಡಲು ನನ್ನ ಕೈಯಲ್ಲಿ ಆಗುವುದಿಲ್ಲ” ಎಂದು ಹಿಂಜರಿಯುವವರೇ ಬಹಳ. ನೀವು ಒಂದನ್ನು ಹೊಸ ಮನೆಗೆ ಕಳಿಸಿದ ದಿನ, ನಮ್ಮ ಪುಸ್ತಕದಲ್ಲಿ ಕಾಯುತ್ತಿರುವ ಇನ್ನೊಂದಕ್ಕೆ ಕರೆ ಹೋಗುತ್ತದೆ.

ದತ್ತು ತೆಗೆದುಕೊಂಡವರಿಗೂ ಒಂದು ಮಾತು. ಹೊಂದಾಣಿಕೆಯಾಗದೆ ವಾಪಸ್ ತಂದರೆ ನಾವು ಬಯ್ಯುತ್ತೇವೆಂದು ಹೆದರಿ, ಇನ್ನಾರಿಗೋ ಕೊಟ್ಟುಬಿಟ್ಟವರಿದ್ದಾರೆ. ಹಾಗೆ ಮಾಡಬೇಡಿ. ಹೊಸ ಜಾಗದ ಗಾಬರಿ ಇಳಿಯಲು ಸುಮಾರು ಮೂರು ದಿನ, ಮನೆಯ ರೀತಿ ಅರಿಯಲು ಮೂರು ವಾರ, ಇದು ನನ್ನದೇ ಮನೆ ಎಂದುಕೊಳ್ಳಲು ಮೂರು ತಿಂಗಳು ಎಂದು ಈ ಕೆಲಸದವರು ಹೇಳುವುದುಂಟು. ಸ್ವಲ್ಪ ಕಾಲ ಕೊಡಿ. ಆಮೇಲೂ ಆಗದಿದ್ದರೆ ನಮ್ಮ ಬಳಿಗೇ ತನ್ನಿ. ನಮ್ಮಿಂದ ಹೋದ ಪ್ರಾಣಿಗೆ ಮಾತ್ರ ಜಾಗ ಇಲ್ಲ ಎಂಬ ಉತ್ತರ ಎಂದೂ ಇರುವುದಿಲ್ಲ. ಅದರ ಬಗ್ಗೆ ನೀವು ಕಂಡುಕೊಂಡದ್ದೆಲ್ಲ ಮುಂದಿನ ಮನೆ ಹುಡುಕಲು ನಮಗೆ ಸಹಾಯ.

ಕೊನೆಯದಾಗಿ, ಸಿಟ್ಟಾದವರಿಗೇ ಮತ್ತೆ ಹೇಳುವುದು. ಒಳಗೆ ಬಂದು ನೋಡಿ. ಯಾವ ಆಶ್ರಯತಾಣಕ್ಕೇ ಹೋದರೂ ಈ ಕೆಲವನ್ನು ಕೇಳಿ: ಈಗ ಒಳಗೆ ಎಷ್ಟಿವೆ, ನೋಡಿಕೊಳ್ಳುವವರು ಎಷ್ಟು ಜನ, ಒಂದು ಪ್ರಾಣಿ ಸರಾಸರಿ ಎಷ್ಟು ದಿನ ಉಳಿಯುತ್ತದೆ, ಕಳೆದ ವರ್ಷ ಎಷ್ಟು ಸತ್ತವು, ಏಕೆ ಸತ್ತವು, ಎಷ್ಟನ್ನು ಗೇಟಿನಿಂದ ಹಿಂದಕ್ಕೆ ಕಳಿಸಿದಿರಿ, ಅವು ಏನಾದವು? ಹಿಂದಿನ ಕೋಣೆಗಳನ್ನೂ ತೋರಿಸಿ ಎನ್ನಿ. ಉತ್ತರ ತಡವರಿಸಿದರೆ, ಬಾಗಿಲು ತೆರೆಯದಿದ್ದರೆ, ನೋ-ಕಿಲ್ ಎಂಬ ಬೋರ್ಡು ಎಷ್ಟೇ ದೊಡ್ಡದಿರಲಿ, ನಿಮ್ಮ ಪ್ರಾಣಿಯನ್ನೂ ಹಣವನ್ನೂ ಅಲ್ಲಿ ಕೊಡಬೇಡಿ. ಒಳಬಂದವುಗಳದ್ದು, ಹಿಂದಕ್ಕೆ ಕಳಿಸಿದವುಗಳದ್ದು, ನಮ್ಮ ಈ ಎರಡೂ ಪುಸ್ತಕಗಳು ಆಫೀಸಿನ ಮೇಜಿನ ಮೇಲೆ ಇರುತ್ತವೆ. ಕೆಲಸದ ಹೊತ್ತಿನಲ್ಲಿ ಯಾರು ಬೇಕಾದರೂ ಬಂದು ತೆರೆದು ನೋಡಬಹುದು, ಕೇಳಬಹುದು.

ಇಂತಿ,
ಒಂದು ಸಣ್ಣ ಪ್ರಾಣಿ ಆಶ್ರಯತಾಣದ ಕೆಲಸಗಾರರ ಪರವಾಗಿ